ಬಾನೆಟ್ ಎತ್ತುವ ಮೊದಲು ಗಾಡಿ ಓಡಿಸಿ ನೋಡಿದ ಹುಡುಗ: ಕುಶಾಲನಗರದ ಒಂದು ಕಂಪ್ಯೂಟರ್ ರಿಪೇರಿ ಅಂಗಡಿ

ಮೊದಲೇ ಹೇಳಿಬಿಡುತ್ತೇನೆ, ಅಂಗಡಿಯ ಹೆಸರು ಇಲ್ಲಿ ಬರೆಯುತ್ತಿಲ್ಲ. ನಡೆಸುವ ಹುಡುಗನೇ ಬೇಡ ಎಂದ. "ಅಂಕಲ್, ನಾನೊಬ್ಬನೇ ಇರೋದು. ಈಗ ಬಂದಿರೋ ಕೆಲಸವೇ ಮುಗಿತಾ ಇಲ್ಲ, ಹೆಸರು ಹಾಕ್ಬೇಡಿ" ಅಂದ. ಗುರುತು ಮಾತ್ರ ಹೇಳುತ್ತೇನೆ. ಕುಶಾಲನಗರ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರ. ಕೆಳಗೆ ಏಲಕ್ಕಿ, ಮೆಣಸು, ಜೇನು ಮಾರುವ ಅಂಗಡಿ, ಅದರ ಪಕ್ಕದಲ್ಲಿ ಕಿರಿದಾದ ಮೆಟ್ಟಿಲು, ಮೇಲೆ ಒಂದೇ ಕೋಣೆ. ಹುಡುಕುವವರಿಗೆ ಇಷ್ಟು ಸಾಕು.

ನಾನು 31 ವರ್ಷ ಸರ್ಕಾರಿ ಬಸ್ ಓಡಿಸಿದವನು. ಬಹುಕಾಲ ಮಡಿಕೇರಿ–ಮೈಸೂರು, ಕೊನೆಯ ಕೆಲವು ವರ್ಷ ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರಿನ ಕಡೆ. ಈಗ ಸುಂಟಿಕೊಪ್ಪದ ಹತ್ತಿರ ಮನೆ, ಒಂದೂವರೆ ಎಕರೆ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸು. ರಾತ್ರಿ ಹೊತ್ತು ಎದುರು ಗಾಡಿಯ ಬೆಳಕು ಕಣ್ಣಿಗೆ ತಡೆಯುವುದಿಲ್ಲ, ಎಡಗಾಲಿನ ಮಂಡಿ ಸವೆದಿದೆ. ಹಾಗಾಗಿ ಸ್ಟೇರಿಂಗ್ ಹಿಡಿಯುವುದನ್ನು ಬಿಟ್ಟಿದ್ದೆ. ಬಿಟ್ಟ ಮೇಲೆ ಗೊತ್ತಾಯಿತು, ಕೈ ಸುಮ್ಮನೆ ಇರುವುದಿಲ್ಲ. ಊಟಕ್ಕೆ ಕೂತಾಗಲೂ ಎಡಗೈ ಗೇರ್ ಹುಡುಕುತ್ತಿತ್ತು. ಅದನ್ನು ನೋಡಿ ಮಗಳು ಬೆಂಗಳೂರಿನಿಂದ ತನ್ನ ಹಳೆಯ ಕಂಪ್ಯೂಟರನ್ನು ತಂದು ಮನೆಯಲ್ಲಿಟ್ಟಳು. ಜೊತೆಗೆ ಲಾಜಿಟೆಕ್ ಜಿ29 ಸ್ಟೇರಿಂಗ್, ಅದಕ್ಕೆ ಕ್ಲಚ್ ಸೇರಿ ಮೂರು ಪೆಡಲ್. ಸ್ಟೇರಿಂಗ್ 900 ಡಿಗ್ರಿ ತಿರುಗುತ್ತದೆ, ಎಂದರೆ ಎರಡೂವರೆ ಸುತ್ತು. ರಸ್ತೆ ಕೆಟ್ಟಿದ್ದರೆ ಕೈಗೆ ನಡುಕ ಬರುತ್ತದೆ. ಆಡುವುದು ಯೂರೋ ಟ್ರಕ್ ಸಿಮ್ಯುಲೇಟರ್ 2. ಯುರೋಪಿನ ರಸ್ತೆಗಳಲ್ಲಿ ಲಾರಿ ಓಡಿಸುವ, 2012ರಲ್ಲಿ ಬಂದ ಆಟ, ಇವತ್ತಿಗೂ ಹೊಸ ರಸ್ತೆಗಳು ಸೇರುತ್ತಲೇ ಇವೆ. ಅದರಲ್ಲಿ ನಮ್ಮ ಕೆಂಪು ಬಸ್ಸನ್ನೇ ಓಡಿಸುವ ಹಾಗೆ ಹುಡುಗರು ಮಾಡ್, ಎಂದರೆ ಆಟಕ್ಕೆ ಹೊರಗಿನಿಂದ ಸೇರಿಸುವ ತುಣುಕು, ಮಾಡಿಟ್ಟಿದ್ದಾರೆ. ಮೊದಲ ದಿನ ಆ ಬಸ್ಸಿನ ಡ್ಯಾಶ್‌ಬೋರ್ಡ್ ಕಂಡಾಗ ನನಗೆ ಮಾತು ಹೊರಡಲಿಲ್ಲ.

ಒಂದೂವರೆ ವರ್ಷ ಚೆನ್ನಾಗಿ ಓಡಿತು. ಆಮೇಲೆ ಜರ್ಕ್ ಹೊಡೆಯಲು ಶುರುವಾಯಿತು.

ಜರ್ಕ್ ಅಂದರೆ ಆಟದಲ್ಲಿ ಚಿತ್ರ ಗಕ್ಕನೆ ನಿಂತು ಮತ್ತೆ ಓಡುವುದು. ಹುಡುಗರು ಸ್ಟಟರ್ ಅನ್ನುತ್ತಾರೆ. ಕುಳಿತು ನೋಡುವವರಿಗೆ ಅರ್ಧ ಸೆಕೆಂಡಿನ ವಿಷಯ. ಸ್ಟೇರಿಂಗ್ ಹಿಡಿದವನಿಗೆ ಹಾಗಲ್ಲ. ತಿರುವಿನ ಮಧ್ಯೆ ಚಿತ್ರ ನಿಂತರೆ ಕೈ ತಿರುಗಿಸಿದ್ದು ಎಷ್ಟು ಎಂದು ತಿಳಿಯುವುದಿಲ್ಲ, ಮತ್ತೆ ಕಾಣುವಾಗ ಗಾಡಿ ಡಿವೈಡರ್ ಮೇಲಿರುತ್ತದೆ. 2018ರ ಆಗಸ್ಟಿನಲ್ಲಿ ಮದೆನಾಡು, ಜೋಡುಪಾಲದ ಕಡೆ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಮುಚ್ಚಿತಲ್ಲ, ರಸ್ತೆ ತೆರೆದ ಮೇಲೆ ಅಲ್ಲಿ ಓಡಿಸಿದ ನಮ್ಮಂಥವರಿಗೆ ಸಣ್ಣ ಅಲುಗಾಟಕ್ಕೂ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಪರದೆಯ ಮೇಲಿನ ಜರ್ಕಿಗೂ ಹಾಗೇ ಹೋಗುತ್ತಿತ್ತು. ಒಂದು ಗಂಟೆ ಆಡಿ ಎದ್ದರೆ ತೊಡೆ ಬಿಗಿದುಕೊಂಡಿರುತ್ತಿತ್ತು. ಮನಸ್ಸಿಗೆ ಹಗುರವಾಗಲಿ ಎಂದು ಇಟ್ಟುಕೊಂಡದ್ದು ಭಾರವಾಗತೊಡಗಿತು.

ಇಂಜಿನ್ ಮಿಸ್ ಹೊಡೆಯುವಾಗ ಕಿವಿ ಕೊಟ್ಟು ಕೇಳಿದರೆ ಬೇರೆ ಬೇರೆ ಮಿಸ್ ಗೊತ್ತಾಗುತ್ತದೆ. ಡೀಸೆಲಿನಲ್ಲಿ ನೀರು ಸೇರಿದ್ದು ಒಂದು ಥರ, ಗಾಳಿ ಹಿಡಿದದ್ದು ಒಂದು ಥರ, ಏರ್ ಫಿಲ್ಟರ್ ಕಟ್ಟಿದ್ದು ಇನ್ನೊಂದು ಥರ. ಇದರಲ್ಲೂ ಮೂರು ಥರ ಇದೆ ಎಂದು ನನಗೆ ಅನ್ನಿಸಿತ್ತು. ದೊಡ್ಡ ಊರು ಹತ್ತಿರ ಬಂದಾಗ ಸಣ್ಣ ಸಣ್ಣ ಜರ್ಕ್ ಸಾಲಾಗಿ ಬರುವುದು ಒಂದು. ಆಟ ಶುರುವಾಗಿ ಇಪ್ಪತ್ತು ನಿಮಿಷದ ಮೇಲೆ ಎಲ್ಲವೂ ಭಾರವಾಗಿ ಎಳೆದಂತಾಗುವುದು ಎರಡು. ಮೂರನೆಯದು ಕೆಟ್ಟದ್ದು: ಹೇಳದೆ ಕೇಳದೆ ಒಂದು ಒಂದೂವರೆ ಸೆಕೆಂಡ್ ಎಲ್ಲವೂ ಕಲ್ಲಾಗಿ, ಸ್ಪೀಕರಿನಲ್ಲಿ ಟರ್ ಎಂದು ಸದ್ದು. ದಿನಕ್ಕೆ ಮೂರೋ ನಾಲ್ಕೋ ಸಲ.

ಇದನ್ನೆಲ್ಲ ನಾನು ಒಂದು ಹಾಳೆಯಲ್ಲಿ ಬರೆದುಕೊಂಡು ಮೊದಲು ಬೇರೆ ಊರಿನ ಒಂದು ಅಂಗಡಿಗೆ ಹೋದೆ. ದೊಡ್ಡ ಅಂಗಡಿ, ಗಾಜಿನ ಬಾಗಿಲು. ಹಾಳೆ ಓದಲಿಲ್ಲ. "ರ‍್ಯಾಮ್ ಕಮ್ಮಿ ಸರ್" ಎಂದು ಕಂಪ್ಯೂಟರ್ ಓಡುವಾಗ ಬಳಸುವ ಆ ಮೆಮೊರಿ 16 ಜಿಬಿ ಇದ್ದುದಕ್ಕೆ ಇನ್ನೊಂದು 8 ಜಿಬಿ ಕಡ್ಡಿ ಹಾಕಿ, 2,400 ರೂಪಾಯಿ ತೆಗೆದುಕೊಂಡರು. ಮನೆಗೆ ತಂದರೆ ಜರ್ಕ್ ಹೆಚ್ಚಾಯಿತು. ಮತ್ತೆ ಹೊತ್ತುಕೊಂಡು ಹೋದೆ. ಈ ಸಲ "ಗ್ರಾಫಿಕ್ಸ್ ಕಾರ್ಡ್ ಹಳೇದಾಯ್ತು, ಹೊಸದು ಹಾಕ್ಬೇಕು, 28,000 ಆಗುತ್ತೆ" ಅಂದರು. ಎರಡು ಸಲವೂ ಆಟವನ್ನು ಒಮ್ಮೆ ತೆರೆದು ನೋಡಲಿಲ್ಲ. ನನಗೆ ಸಿಟ್ಟು ಬಂದದ್ದು ಹಣಕ್ಕಿಂತ ಇದಕ್ಕೆ. ಡಿಪೋದಲ್ಲಿ ಒಳ್ಳೆ ಮೆಕ್ಯಾನಿಕ್ ಗಾಡಿ ಬಂದ ಕೂಡಲೇ ಸ್ಪ್ಯಾನರ್ ಎತ್ತುವುದಿಲ್ಲ. ಡ್ರೈವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊಡೆಸುತ್ತಾನೆ, "ಎಲ್ಲಿ ಬರುತ್ತೆ, ಯಾವ ಗೇರಲ್ಲಿ ಬರುತ್ತೆ" ಎಂದು ಕೇಳುತ್ತಾನೆ. 28,000 ಎಂದರೆ ನನ್ನ ತೋಟದ ಗೊಬ್ಬರದ ಹಣ. ಕೊಡುವ ಮೊದಲು ಇನ್ನೊಬ್ಬರಿಗೆ ತೋರಿಸೋಣ ಎಂದು ಹೆಂಡತಿಯೇ ಹೇಳಿದಳು.

ಕುಶಾಲನಗರದ ಈ ಹುಡುಗನ ವಿಷಯ ತಿಳಿಸಿದ್ದು ನಮ್ಮ ಹಳೆಯ ಕಂಡಕ್ಟರ್. ಅವರ ಮೊಮ್ಮಗನ ಲ್ಯಾಪ್‌ಟಾಪ್ ಸರಿ ಮಾಡಿದ್ದನಂತೆ. ಮಾರ್ಚ್ ತಿಂಗಳು, ಕಾಫಿ ಹೂ ಬಿಡಿಸುವ ಹೂಮಳೆ ಬಿದ್ದು ವಾರವಾಗಿತ್ತು. ತೋಟವೆಲ್ಲ ಬಿಳಿಯಾಗಿ ಮಲ್ಲಿಗೆಯ ವಾಸನೆ ಹೊಡೆಯುತ್ತಿತ್ತು. ಕಂಪ್ಯೂಟರ್ ಡಬ್ಬವನ್ನು ಕಂಬಳಿಯಲ್ಲಿ ಸುತ್ತಿ ಅಳಿಯನ ಜೀಪಿನಲ್ಲಿಟ್ಟು ಆನೆಕಾಡು ದಾಟಿ ಹೋದೆವು. ಸ್ಟೇರಿಂಗ್, ಪೆಡಲ್ ಕೂಡ ತನ್ನಿ ಎಂದು ಹುಡುಗ ಫೋನಿನಲ್ಲೇ ಹೇಳಿದ್ದ. ಆ ಒಂದು ಮಾತಿಗೇ ನನಗೆ ಅರ್ಧ ನಂಬಿಕೆ ಬಂದಿತ್ತು.

ಹೋದ ಕೂಡಲೇ ಹಾಳೆ ಕೇಳಿ ತೆಗೆದುಕೊಂಡು ಪೂರ್ತಿ ಓದಿದ. ಆಮೇಲೆ ಎರಡೇ ಪ್ರಶ್ನೆ. "ಯಾವಾಗಿಂದ ಶುರುವಾಯ್ತು? ಆಟ ಆಡದೇ ಇದ್ದಾಗಲೂ ಬರುತ್ತಾ?" ಮೊದಲನೆಯದಕ್ಕೆ ಉತ್ತರ ಸುಲಭ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ ಮುಗಿಯುವುದಿತ್ತು, ಅದಕ್ಕೇ ಮಗಳು ದಸರಾ ರಜೆಗೆ ಬಂದವಳು ವಿಂಡೋಸ್ 11 ಹಾಕಿ ಹೋಗಿದ್ದಳು. ಆಮೇಲೆ ಶುರುವಾದದ್ದು. ಎರಡನೆಯದಕ್ಕೆ ಇಲ್ಲ ಎನ್ನಲು ಹೊರಟವನು ನಿಲ್ಲಿಸಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೆಂಡತಿ ಅದೇ ಕಂಪ್ಯೂಟರಿನಲ್ಲಿ ದೇವರ ನಾಮ ಹಾಕುತ್ತಾಳೆ. "ರೀ, ಹಾಡು ಟರ್ ಅಂತು ನೋಡಿ" ಎಂದು ಅವಳು ಒಂದೆರಡು ಸಲ ಹೇಳಿದ್ದು ನೆನಪಾಯಿತು. ಅದನ್ನು ಹೇಳಿದೆ. ಹುಡುಗ ಹಾಳೆಯ ಮೇಲೆ ಮೂರನೆಯ ಜರ್ಕಿನ ಮುಂದೆ ಪೆನ್ನಿನಿಂದ ಒಂದು ಗುರುತು ಹಾಕಿಕೊಂಡ.

ನಂತರ ಡಬ್ಬ ಬಿಚ್ಚಲಿಲ್ಲ. ಮೇಜಿಗೆ ಸ್ಟೇರಿಂಗ್ ಬಿಗಿದು, ಪೆಡಲ್ ಜಾರದ ಹಾಗೆ ಕೆಳಗೆ ಗೋಣಿತಾಟು ಹಾಸಿ, "ನೀವೇ ಓಡಿಸಿ ಅಂಕಲ್, ದಿನಾ ಹೋಗೋ ರೂಟ್" ಅಂದ. ನಾನು ಆಟದಲ್ಲಿ ಫ್ರಾನ್ಸಿನ ಕ್ಯಾಲೆಯಿಂದ ಜರ್ಮನಿಯ ಡ್ಯೂಸ್‌ಬರ್ಗಿಗೆ ಹೊರಟೆ. ಪರದೆಯ ಮೂಲೆಯಲ್ಲಿ ಅವನು ಒಂದು ಗೆರೆ ಬರುವ ಹಾಗೆ ಮಾಡಿದ್ದ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶ, ದುಡ್ಡು ಕೊಡಬೇಕಿಲ್ಲ. ಆ ಗೆರೆಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಇದೊಂದು ಗೊತ್ತಿದ್ದರೆ ನಿಮಗೆ ಯಾರೂ ಸುಮ್ಮನೆ ಕಾರ್ಡ್ ಮಾರಲಾರರು.

ನಾವೆಲ್ಲ ನೋಡುವುದು ಎಫ್‌ಪಿಎಸ್, ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಲೆಕ್ಕ. ನನ್ನದರಲ್ಲಿ ಯಾವಾಗಲೂ 58, 60 ಎಂದೇ ತೋರಿಸುತ್ತಿತ್ತು. ಅಷ್ಟಿದ್ದರೆ ಜರ್ಕ್ ಯಾಕೆ? ಹುಡುಗ ಹೇಳಿದ: ಅದು ಸರಾಸರಿ. ಮಡಿಕೇರಿಯಿಂದ ಕುಶಾಲನಗರಕ್ಕೆ ಗಂಟೆಗೆ 40ರ ಸರಾಸರಿಯಲ್ಲಿ ಬಂದೆ ಎಂದು ಲಾಗ್‌ಶೀಟಿನಲ್ಲಿ ಬರೆಯಬಹುದು; ದಾರಿಯಲ್ಲಿ ಎಷ್ಟು ಸಲ ಸಡನ್ ಬ್ರೇಕ್ ಹೊಡೆದೆ ಎಂಬುದು ಅದರಲ್ಲಿ ಇರುವುದಿಲ್ಲ, ಅದು ಬಸ್ಸಿನಲ್ಲಿ ನಿಂತುಕೊಂಡು ಬಂದವರಿಗೆ ಗೊತ್ತು. ಈ ಹೋಲಿಕೆ ನನ್ನದು, ಅವನು ಕೇಳಿ ಬಹಳ ಖುಷಿಪಟ್ಟ. 60 ಚಿತ್ರ ಎಂದರೆ ಒಂದೊಂದಕ್ಕೆ 16.7 ಮಿಲಿಸೆಕೆಂಡ್. ಎಲ್ಲವೂ ಅಷ್ಟಷ್ಟೇ ಹೊತ್ತಿಗೆ ಬಂದರೆ ಗೆರೆ ನೇರ. ಒಂದು ಚಿತ್ರಕ್ಕೆ 200 ಮಿಲಿಸೆಕೆಂಡ್ ಹಿಡಿದರೆ ಗೆರೆ ಮುಳ್ಳಿನ ಹಾಗೆ ಎದ್ದು ನಿಲ್ಲುತ್ತದೆ, ಆದರೆ ಆ ಸೆಕೆಂಡಿನ ಲೆಕ್ಕ 60ರಿಂದ 49ಕ್ಕೆ ಇಳಿದು, ನಾವು ಕಣ್ಣು ಹಾಯಿಸುವಷ್ಟರಲ್ಲಿ ಮತ್ತೆ 60 ಆಗಿರುತ್ತದೆ. ನನ್ನ ಗೆರೆ ಮುಳ್ಳುಹಂದಿಯ ಬೆನ್ನಿನ ಹಾಗಿತ್ತು. ಅಷ್ಟು ತಿಂಗಳು ಕಾಲಿಗೆ ಮಾತ್ರ ಗೊತ್ತಾಗುತ್ತಿದ್ದುದನ್ನು ಮೊದಲ ಸಲ ಕಣ್ಣಾರೆ ಕಂಡೆ.

ಗೆರೆಯ ಪಕ್ಕದಲ್ಲಿ ಇನ್ನೆರಡು ಅಂಕಿ ಇಟ್ಟಿದ್ದ. ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಎಷ್ಟು ದುಡಿಯುತ್ತಿದೆ, ಲೆಕ್ಕ ಮಾಡುವ ಪ್ರೊಸೆಸರ್ ಎಷ್ಟು ಬಿಸಿಯಾಗಿದೆ ಎಂದು. ನನ್ನ ಕಾರ್ಡ್ ಜಿಟಿಎಕ್ಸ್ 1650, 4 ಜಿಬಿಯದು. ಅದು ಶೇಕಡಾ 60ರ ಆಸುಪಾಸಿನಲ್ಲೇ ಇತ್ತು, ಜರ್ಕ್ ಬಂದ ಕ್ಷಣದಲ್ಲಂತೂ ಇನ್ನೂ ಕೆಳಗೆ ಇಳಿಯುತ್ತಿತ್ತು. ಕಾರ್ಡ್ ಸಾಲದಿದ್ದರೆ ಶೇಕಡಾ 95ರ ಮೇಲೆ ಇರಬೇಕಿತ್ತು. ಇದು ಕಂಡಕ್ಟರ್ ರೈಟ್ ಎನ್ನುವವರೆಗೆ ನಿಂತಿರುವ ಡ್ರೈವರ್ ಥರ: ಪ್ರೊಸೆಸರ್ ಲೆಕ್ಕ ಮುಗಿಸಿ ಕಳಿಸುವವರೆಗೆ ಕಾರ್ಡಿಗೆ ಕೆಲಸವಿಲ್ಲ. 28,000 ಕೊಟ್ಟು ಹೊಸ ಕಾರ್ಡ್ ಹಾಕಿದ್ದರೆ ಅದೂ ಹಾಗೇ ಕಾಯುತ್ತಾ ಕೂರುತ್ತಿತ್ತು.

ಆಮೇಲೆ ಡಬ್ಬ ಬಿಚ್ಚಿದ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲವೂ ಅದೇ ರಸ್ತೆಯಲ್ಲಿ ನನ್ನಿಂದಲೇ ಇಪ್ಪತ್ತು ನಿಮಿಷ ಓಡಿಸುವುದು. ನಾಲ್ಕು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಎಂದೇ ತಿಳಿಯುವುದಿಲ್ಲವಂತೆ. ಸರಿಯಾದ ಮಾತು.

ಮೊದಲು ಆ ಹೊಸ ರ‍್ಯಾಮ್ ಕಡ್ಡಿಯನ್ನು ಹೊರಗೆ ತೆಗೆದ. ಮೊದಲಿದ್ದ ಎರಡು ಕಡ್ಡಿ 3200ರ ವೇಗದವು, ಒಂದೇ ಜೋಡಿ. ಹೊಸದು 2400ರದ್ದು. ಮೂರನ್ನೂ ಒಟ್ಟಿಗೆ ಹಾಕಿದರೆ ಎಲ್ಲವೂ ನಿಧಾನದ್ದರ ವೇಗಕ್ಕೇ ಇಳಿಯುತ್ತವೆ. ನನ್ನದು ರೈಜನ್ 5 3600 ಪ್ರೊಸೆಸರ್, ಅದರ ಒಳಗಿನ ಭಾಗಗಳು ಪರಸ್ಪರ ಮಾತಾಡುವ ವೇಗವೂ ರ‍್ಯಾಮಿನ ವೇಗಕ್ಕೆ ಕಟ್ಟಿಕೊಂಡಿರುತ್ತದೆ, ಆದ್ದರಿಂದ ಪೆಟ್ಟು ಎರಡು ಪಾಲು. ಬಸ್ಸಿನ ಹಿಂದಿನ ಜೋಡಿ ಟೈರಿನಲ್ಲಿ ಒಂದು ಹೊಸದು, ಪಕ್ಕದ್ದು ಸವೆದದ್ದು ಹಾಕಿದರೆ ಏನಾಗುತ್ತದೆ ಎಂದು ಯಾವ ಡ್ರೈವರನ್ನಾದರೂ ಕೇಳಿ. ಕಡ್ಡಿ ತೆಗೆದು, ಬಯೋಸಿನಲ್ಲಿ, ಎಂದರೆ ವಿಂಡೋಸಿಗೂ ಮೊದಲು ಏಳುವ ಮದರ್‌ಬೋರ್ಡಿನ (ಎಲ್ಲ ಭಾಗಗಳೂ ಕೂರುವ ಮುಖ್ಯ ಹಲಗೆಯ) ತಂತ್ರಾಂಶದಲ್ಲಿ, ಉಳಿದೆರಡಕ್ಕೆ 3200 ಎಂದು ಆರಿಸಿಕೊಟ್ಟ. ಈ ಆಯ್ಕೆಯನ್ನು ನಾವೇ ಕೊಡಬೇಕು, ಇಲ್ಲದಿದ್ದರೆ 3200ರ ಕಡ್ಡಿಯೂ ಕಡಿಮೆ ವೇಗದಲ್ಲೇ ಓಡುತ್ತದೆ. ಗೆರೆಯ ಮುಳ್ಳುಗಳು ಗಿಡ್ಡವಾದವು, ಹೋಗಲಿಲ್ಲ.

ಎರಡನೆಯದು ಬಿಸಿ. ಓಡಿಸಲು ಶುರುಮಾಡಿ ಕಾಲು ಗಂಟೆಯಲ್ಲಿ ಪ್ರೊಸೆಸರ್ 94 ಡಿಗ್ರಿ ಮುಟ್ಟುತ್ತಿತ್ತು. ಅದರ ಮಿತಿ 95. ಮಿತಿ ಹತ್ತಿರವಾದರೆ ಅದು ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ, ಘಾಟಿ ಹತ್ತುವಾಗ ರೇಡಿಯೇಟರ್ ಬಿಸಿಯಾದರೆ ನಾವು ಕಾಲು ಸಡಿಲಿಸುವ ಹಾಗೆ. ಫ್ಯಾನಿನ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳ ಮಧ್ಯೆ ಬೆರಳಿಗೆ ಹತ್ತುವಷ್ಟು ಧೂಳಿನ ಕಂಬಳಿ. ಅದು ಒಣ ಧೂಳಲ್ಲ, ಅಂಟು. ಕಂಪ್ಯೂಟರ್ ಇಟ್ಟಿದ್ದ ಕಿಟಕಿಯ ಆಚೆಗೇ ನಮ್ಮ ಕಣ. ಜನವರಿ, ಫೆಬ್ರವರಿಯಲ್ಲಿ ಕಾಫಿ ಒಣಹಾಕಿ ಗೋರುವಾಗ ಏಳುವ ಧೂಳು ಒಳಗೆ ಹೋಗುತ್ತದೆ. ಜೂನ್‌ನಿಂದ ಮೂರು ತಿಂಗಳು ಗೋಡೆಯೇ ಬೆವರುವ ನಮ್ಮೂರಿನ ಥಂಡಿಗೆ ಆ ಧೂಳು ಹಸಿಯಾಗಿ ಅಂಟಿಕೊಂಡು, ಬೇಸಿಗೆಯಲ್ಲಿ ಗಟ್ಟಿಯಾಗುತ್ತದೆ. ಮೈಸೂರು, ಬೆಂಗಳೂರಿನವರು ವರ್ಷಕ್ಕೊಮ್ಮೆ ಊದಿದರೆ ಸಾಕಾಗಬಹುದು. ಕೊಡಗಿನಲ್ಲಿ ಮಳೆಗಾಲಕ್ಕೆ ಮೊದಲೊಮ್ಮೆ, ಕೊಯ್ಲು ಮುಗಿದ ಮೇಲೊಮ್ಮೆ ಮಾಡಿಸಿ ಎಂದ. ಫ್ಯಾನಿನ ರೆಕ್ಕೆ ತಿರುಗದ ಹಾಗೆ ಬೆರಳಿನಲ್ಲಿ ಹಿಡಿದುಕೊಂಡೇ ಗಾಳಿ ಹೊಡೆದ. ಬಿಟ್ಟರೆ ಅದು ವಿಪರೀತ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದಂತೆ. ಪ್ರೊಸೆಸರ್ ಮತ್ತು ಕೂಲರ್ ಮಧ್ಯದ ಪೇಸ್ಟ್ ಒಣಗಿ ಸುಣ್ಣದ ಹಾಗಾಗಿತ್ತು. ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಒಂದು ಕಾಳುಮೆಣಸಿನಷ್ಟು ಹೊಸ ಪೇಸ್ಟ್ ಇಟ್ಟು ಕೂಲರ್ ಬಿಗಿದ. ಮತ್ತೆ ಓಡಿಸಿದೆ. 71 ಡಿಗ್ರಿಯ ಮೇಲೆ ಹೋಗಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ಬರುತ್ತಿದ್ದ ಭಾರ ಅಲ್ಲಿಗೆ ಮುಗಿಯಿತು.

ಊರು ಹತ್ತಿರ ಬಂದಾಗಿನ ಸಾಲು ಜರ್ಕ್ ಡಿಸ್ಕಿನದು. ನನ್ನ ಕಂಪ್ಯೂಟರಿನಲ್ಲಿ ವಿಂಡೋಸ್ ಇರುವುದು 256 ಜಿಬಿಯ ಎಸ್‌ಎಸ್‌ಡಿಯಲ್ಲಿ, ಆಟ ಇದ್ದದ್ದು 1 ಟಿಬಿಯ ಹಳೆಯ ಹಾರ್ಡ್ ಡಿಸ್ಕಿನಲ್ಲಿ. ಹಾರ್ಡ್ ಡಿಸ್ಕ್ ಎಂದರೆ ತಿರುಗುವ ತಟ್ಟೆ, ಅದರ ಮೇಲೆ ಓಡಾಡುವ ಮುಳ್ಳು. ಒಂದು ಕಡೆಯಿಂದ ಇನ್ನೊಂದು ಕಡೆ ಹೋಗಿ ಹುಡುಕಲು ಪ್ರತಿ ಸಲ ಹತ್ತು ಮಿಲಿಸೆಕೆಂಡಿನ ಆಸುಪಾಸು ಬೇಕು. ಒಂದು ಚಿತ್ರಕ್ಕೆ ಇರುವ ಒಟ್ಟು ಹೊತ್ತೇ 16.7. ಈ ಆಟದಲ್ಲಿ ಭೂಪಟವನ್ನು 19ಕ್ಕೆ 1ರಂತೆ ಕುಗ್ಗಿಸಿದ್ದಾರೆ, ಆದ್ದರಿಂದ ನಿಜವಾದ ರಸ್ತೆಯಲ್ಲಿ ಎರಡು ಗಂಟೆಯ ಮೇಲೆ ಬರುವ ಊರು ಇಲ್ಲಿ ಕೆಲವೇ ನಿಮಿಷಕ್ಕೆ ಎದುರಾಗುತ್ತದೆ. ಕಟ್ಟಡ, ಫಲಕ, ಗಾಡಿ, ಮರ ಎಲ್ಲವನ್ನೂ ಡಿಸ್ಕ್ ಒಮ್ಮೆಲೇ ಹುಡುಕಿ ತರಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ, ಹುಡುಕಾಟ ಮಿಲಿಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟರಲ್ಲಿ ಮುಗಿಯುತ್ತದೆ.

ಇಲ್ಲಿ ಅವನು ನನಗೆ ಒಂದು ಹೊಸ ಎಸ್‌ಎಸ್‌ಡಿ ಮಾರಬಹುದಿತ್ತು. ನಾನು ಕೊಳ್ಳಲು ಸಿದ್ಧನಿದ್ದೆ, ಗೋಡೆಯ ಮೇಲೆ ತೂಗುಹಾಕಿದ್ದವು ಕೂಡ. ಇದ್ದದ್ದನ್ನೇ ತೆರೆದು ನೋಡಿ, "ಇದರಲ್ಲಿ 110 ಜಿಬಿ ನಿಮ್ಮ ಮಗಳ ಮದುವೆ ವೀಡಿಯೋ ಇದೆ ಅಂಕಲ್, ಅದು ಹಾರ್ಡ್ ಡಿಸ್ಕಿಗೆ ಹೋಗ್ಲಿ, ಆಟ ಇಲ್ಲಿಗೆ ಬರ್ಲಿ" ಅಂದ. ಆಟ ಕೊಂಡು ಇಳಿಸಿಕೊಳ್ಳುವ ಸ್ಟೀಮ್ ಎಂಬ ತಂತ್ರಾಂಶದಲ್ಲೇ ಆಟವನ್ನು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಸಾಗಿಸುವ ಗುಂಡಿ ಇದೆ, ಮತ್ತೆ ಡೌನ್‌ಲೋಡ್ ಬೇಕಿಲ್ಲ. ನಮ್ಮ ಮನೆಯ ನೆಟ್‌ವರ್ಕಿಗೆ ಅದು ದೊಡ್ಡ ವಿಷಯ. ಎಸ್‌ಎಸ್‌ಡಿಯನ್ನು ಕಂಠಮಟ್ಟ ತುಂಬಬೇಡಿ, ತುಂಬಿದರೆ ಅದೂ ನಿಧಾನವಾಗುತ್ತದೆ ಎಂದೂ ಎಚ್ಚರಿಸಿದ. ಈಗ 60 ಜಿಬಿ ಖಾಲಿ ಬಿಟ್ಟಿದ್ದೇನೆ.

ಉಳಿದದ್ದು ಮೂರನೆಯದು, ಪೆನ್ನಿನ ಗುರುತು ಹಾಕಿದ್ದು. ನನಗೆ ಅವನ ಮೇಲೆ ನಿಜವಾದ ಗೌರವ ಹುಟ್ಟಿದ್ದು ಇಲ್ಲಿ.

ವಿಂಡೋಸ್ 11 ಹಾಕಬೇಕಾದರೆ ಕಂಪ್ಯೂಟರಿನಲ್ಲಿ ಟಿಪಿಎಂ 2.0 ಎಂಬ ಭದ್ರತೆಯ ಏರ್ಪಾಡು ಬೇಕು. ರೈಜನ್ ಪ್ರೊಸೆಸರುಗಳಲ್ಲಿ ಅದಕ್ಕೆ ಬೇರೆ ಚಿಪ್ ಬೇಡ, ಪ್ರೊಸೆಸರಿನ ಒಳಗೇ ಇದೆ, ಬಯೋಸಿನಲ್ಲಿ ಚಾಲೂ ಮಾಡಿದರೆ ಸಾಕು. ಎಫ್‌ಟಿಪಿಎಂ ಎನ್ನುತ್ತಾರೆ. ಮಗಳು ಅಕ್ಟೋಬರಿನಲ್ಲಿ ಅದನ್ನು ಚಾಲೂ ಮಾಡಿದ್ದಳು, ಅವಳದ್ದೇನೂ ತಪ್ಪಿಲ್ಲ. ಆದರೆ ಹಳೆಯ ಬಯೋಸ್ ಇದ್ದ ಕೆಲವು ರೈಜನ್ ಕಂಪ್ಯೂಟರುಗಳಲ್ಲಿ ಇದು ಆಗಾಗ ಮದರ್‌ಬೋರ್ಡಿನ ಒಂದು ಸಣ್ಣ ಮೆಮೊರಿ ಚಿಪ್ಪಿನ ಜೊತೆ ಲೆಕ್ಕ ಪಕ್ಕಾ ಮಾಡಿಕೊಳ್ಳಲು ಹೋಗಿ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿತ್ತು. ಅಷ್ಟು ಹೊತ್ತು ಇಡೀ ಯಂತ್ರ ನಿಂತುಬಿಡುತ್ತದೆ. ಮೌಸ್, ಚಿತ್ರ, ಹಾಡು ಎಲ್ಲವೂ. ರೈಜನ್ ತಯಾರಿಸುವ ಎಎಂಡಿ ಕಂಪನಿಯೇ 2022ರ ಮಾರ್ಚ್‌ನಲ್ಲಿ ಇದನ್ನು ಒಪ್ಪಿಕೊಂಡು, ಆ ವರ್ಷದ ಮೇ ತಿಂಗಳಿಂದ ಮದರ್‌ಬೋರ್ಡುಗಳಿಗೆ ಸರಿಪಡಿಸಿದ ಬಯೋಸ್ ಸಿಗುತ್ತದೆ ಎಂದು ಹೇಳಿತ್ತು. ನನ್ನ ಬೋರ್ಡಿನಲ್ಲಿದ್ದ ಬಯೋಸ್ 2021ರದ್ದು. ವಿಂಡೋಸ್ 10ರಲ್ಲಿ ಎಫ್‌ಟಿಪಿಎಂ ಆಫ್ ಇತ್ತು, ಆದ್ದರಿಂದ ರೋಗ ಕಾಣಿಸಿಕೊಂಡಿರಲಿಲ್ಲ. ಹೆಂಡತಿಯ ದೇವರ ನಾಮ ಟರ್ ಅಂದದ್ದರಿಂದ ಈ ಹುಡುಗ ಇಲ್ಲಿಗೆ ತಲುಪಿದ. ಆಟದ್ದೇ ತೊಂದರೆಯಾಗಿದ್ದರೆ ಹಾಡು ನಿಲ್ಲುವ ಕಾರಣವಿರಲಿಲ್ಲ.

ಬಯೋಸ್ ಬದಲಿಸುವುದು ಹತ್ತು ನಿಮಿಷದ ಕೆಲಸ. ಅದಕ್ಕೆ ಒಂದು ದಿನ ಹಿಡಿಯಿತು. ಮಧ್ಯಾಹ್ನ ಮೂರಕ್ಕೆ ಗುಡುಗು ಶುರುವಾಯಿತು, ಕರೆಂಟು ಮೂರು ಸಲ ಹೋಗಿ ಬಂತು. ಬಯೋಸ್ ಬರೆಯುತ್ತಿರುವಾಗ ಕರೆಂಟು ಹೋದರೆ ಮದರ್‌ಬೋರ್ಡೇ ಏಳದ ಹಾಗಾಗಬಹುದು. ಅವನ ಹತ್ತಿರ ಯುಪಿಎಸ್ ಇತ್ತು. "ಯುಪಿಎಸ್ ಇದೆಯಲ್ಲಪ್ಪಾ, ಮಾಡು" ಎಂದೆ. "ಇದರ ಬ್ಯಾಟರಿ ಮೇಲೆ ನನಗೆ ಇವತ್ತು ಧೈರ್ಯ ಇಲ್ಲ ಅಂಕಲ್, ಮೂರು ಸಲ ಕರೆಂಟ್ ಹೋಗಿ ಚಾರ್ಜ್ ಇಳಿದಿದೆ. ನಾಳೆ ಬೆಳಿಗ್ಗೆ ಮಾಡ್ತೀನಿ" ಅಂದ. ಮಳೆಯಲ್ಲಿ ಮಂಜು ಕವಿದಾಗ ಗಾಡಿ ಪಕ್ಕಕ್ಕೆ ಹಾಕಿ ಕಾದ ಡ್ರೈವರನ್ನು ಬೈಯುವ ಪ್ರಯಾಣಿಕರನ್ನು ನಾನು ಬಹಳ ನೋಡಿದ್ದೇನೆ. ನಾನು ಬಾಯಿ ಮುಚ್ಚಿಕೊಂಡೆ.

ಇನ್ನೊಂದು ಕೆಲಸವನ್ನೂ ಮಾಡಿಸಿದ. ಟಿಪಿಎಂಗೆ ಸಂಬಂಧಿಸಿದ್ದನ್ನು ಮುಟ್ಟುವ ಮೊದಲು ಡಿಸ್ಕಿಗೆ ಬೀಗ ಹಾಕಿರುವ ಬಿಟ್‌ಲಾಕರ್ ನಿಲ್ಲಿಸಿಡಬೇಕು, ಇಲ್ಲದಿದ್ದರೆ ಮುಂದಿನ ಸಲ ತೆರೆಯುವಾಗ 48 ಅಂಕಿಯ ಕೀ ಕೇಳಬಹುದು. ಅದು ಇಲ್ಲದಿದ್ದರೆ ಒಳಗಿನ ಫೋಟೋ, ವೀಡಿಯೋ ಯಾವುದೂ ಸಿಗುವುದಿಲ್ಲ. ಮಗಳಿಗೆ ಫೋನ್ ಮಾಡಿಸಿ, ಅವಳ ಖಾತೆಯಿಂದ 48 ಅಂಕಿಯನ್ನೂ ಓದಿಸಿ, ನನ್ನ ಕೈಯಲ್ಲೇ ಕಾಗದದ ಮೇಲೆ ಬರೆಸಿ, ಮತ್ತೊಮ್ಮೆ ತಾಳೆ ನೋಡಿಸಿದ. ಆ ಕಾಗದ ಈಗ ತೋಟದ ಪಹಣಿಯ ಜೊತೆ ಬೀರುವಿನಲ್ಲಿದೆ. ಮನೆಯಲ್ಲಿ ಯಾರಾದರೂ ಬಯೋಸ್ ಬದಲಿಸುವುದಿದ್ದರೆ ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ.

ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಬೋರ್ಡಿನ ಮಾದರಿಯ ಹೆಸರನ್ನು ಅಕ್ಷರ ಅಕ್ಷರ ಹೊಂದಿಸಿ ನೋಡಿ, ತಯಾರಕರ ಜಾಲತಾಣದಿಂದಲೇ ಫೈಲ್ ಇಳಿಸಿ, ಪೆನ್‌ಡ್ರೈವಿನಿಂದ ಹಾಕಿದ. ಮುಗಿದ ಮೇಲೆ ಹಳೆಯ ಆಯ್ಕೆಗಳೆಲ್ಲ ಅಳಿಸಿಹೋಗಿರುತ್ತವೆ ಎಂದು ರ‍್ಯಾಮನ್ನು ಮತ್ತೆ 3200ಕ್ಕೆ ತಂದ. ಕೊನೆಯದಾಗಿ ಆಟವನ್ನು 60ಕ್ಕೆ ಮಿತಿ ಮಾಡಿದ. ನನ್ನ ಮಾನಿಟರ್ ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸುತ್ತದೆ, ಅದಕ್ಕಿಂತ ಹೆಚ್ಚು ಮಾಡಿ ಪ್ರಯೋಜನವಿಲ್ಲ, ಸುಮ್ಮನೆ ಬಿಸಿ. ಮತ್ತೆ ಕ್ಯಾಲೆಯಿಂದ ಹೊರಟೆ. ಗೆರೆ ನೇರವಾಗಿ, ಮಟ್ಟಗೋಲು ಇಟ್ಟು ಎಳೆದ ಹಾಗೆ ಹೋಯಿತು. ಡ್ಯೂಸ್‌ಬರ್ಗಿನ ಒಳಗೆ ಕೂಡ. ಗಾಡಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿದ ಮೇಲೆ ನೋಡಿದರೆ ನನ್ನ ಕಾಲು ಸಡಿಲವಾಗಿ ಪೆಡಲಿನ ಪಕ್ಕದಲ್ಲಿತ್ತು.

ಬಿಲ್ಲು 950 ರೂಪಾಯಿ. ಶುಚಿ ಮಾಡಿ ಪೇಸ್ಟ್ ಹಾಕಿದ್ದಕ್ಕೆ 450, ಬಯೋಸಿಗೆ 500. ನನ್ನನ್ನು ಕೂರಿಸಿಕೊಂಡು ನೋಡಿದ ನಾಲ್ಕೈದು ಗಂಟೆಗೆ ಏನೂ ಹಾಕಿರಲಿಲ್ಲ. ಅದು ಸರಿಯಲ್ಲ ಎಂದು ನಾನು ಜಗಳ ಮಾಡಿ ಇನ್ನೂ 500 ಕೊಟ್ಟೆ. ನೋಡುವುದೇ ದೊಡ್ಡ ಕೆಲಸ, ಅದಕ್ಕೆ ಅವನು ಬೆಲೆ ಇಡಬೇಕು. ಇದನ್ನು ಓದಿದರೆ ದಯವಿಟ್ಟು ಇಡಪ್ಪಾ. ಬೇಡವಾದ ರ‍್ಯಾಮ್ ಕಡ್ಡಿಯನ್ನು ಅದೇ ವಾರ ಹಳೆ ಕಂಪ್ಯೂಟರ್ ಇದ್ದ ಬೇರೆ ಗಿರಾಕಿಗೆ ಕೊಡಿಸಿ 1,500 ರೂಪಾಯಿ ನನಗೆ ಕಳಿಸಿದ.

ಕೊರತೆಗಳೂ ಇವೆ. ಮೆಟ್ಟಿಲು ಕಡಿದಾಗಿದೆ, ಹಿಡಿದುಕೊಳ್ಳಲು ಕಂಬಿ ಇಲ್ಲ, ನನ್ನಂಥ ಮಂಡಿಯವರು ಭಾರ ಹೊತ್ತುಕೊಂಡು ಹತ್ತುವುದು ಅಪಾಯ. ಕೆಳಗಿನಿಂದ ಕೂಗಿದರೆ ಅವನೇ ಬಂದು ಎತ್ತಿಕೊಂಡು ಹೋಗುತ್ತಾನೆ, ಆದರೂ ಒಂದು ಕಂಬಿ ಹಾಕಿಸಲೇಬೇಕು. ಫೋನ್ ಎತ್ತುವುದು ಅಪರೂಪ, ಬೆಳಿಗ್ಗೆ ಹತ್ತಕ್ಕೆ ಮೊದಲು ಮಾಡಿದರೆ ಸಿಗುತ್ತಾನೆ. ಬಿಲ್ಲು ಕೈಬರಹದ್ದು. ಅವಸರದ ಕೆಲಸವಿದ್ದರೆ ಬೇರೆ ಕಡೆ ಹೋಗಿ. ಕಾಯುವಾಗ ಕೂರಲು ಎರಡೇ ಸ್ಟೂಲು, ಸಂಜೆ ಕಾಲೇಜು ಹುಡುಗರು ಬಂದರೆ ಅದೂ ಇಲ್ಲ.

ಆ ಹುಡುಗರಿಗೆ ಅವನು ಹೇಳುವುದನ್ನೂ ಕೇಳಿಸಿಕೊಂಡೆ. ಹೊಸ ಆಟ ಹಾಕಿದ ಮೊದಲ ದಿನ ಜರ್ಕ್ ಬಂದರೆ ಕೂಡಲೇ ಹೊತ್ತುಕೊಂಡು ಬರಬೇಡಿ, ಚಿತ್ರ ಬಿಡಿಸಲು ಕಾರ್ಡಿಗೆ ಬೇಕಾದ ಶೇಡರ್ ಎಂಬ ಸೂಚನೆಗಳನ್ನು ಆಟ ಆಗಲೇ ಸಿದ್ಧ ಮಾಡಿಕೊಳ್ಳುತ್ತಿರಬಹುದು, ಅದೇ ಜಾಗಕ್ಕೆ ಎರಡನೇ ಸಲ ಹೋದಾಗ ಬರದಿದ್ದರೆ ಯಂತ್ರ ಸರಿಯಿದೆ. ಆನ್‌ಲೈನ್ ಆಟದಲ್ಲಿ ಎದುರಾಳಿ ಮಾತ್ರ ಹಾರಿ ಹಾರಿ ಬಂದು ನಿಮ್ಮ ಚಿತ್ರ ನೇರವಾಗಿ ಓಡುತ್ತಿದ್ದರೆ ಅದು ನೆಟ್‌ವರ್ಕ್, ಅದಕ್ಕೆ ಇಲ್ಲಿ ಔಷಧವಿಲ್ಲ. ಒಬ್ಬ ಹುಡುಗನನ್ನು ಹಾಗೇ ದುಡ್ಡು ತೆಗೆದುಕೊಳ್ಳದೆ ವಾಪಸ್ ಕಳಿಸಿದ.

ಈಗ ಎರಡು ತಿಂಗಳಾಯಿತು. ಮೂರನೆಯ ಜರ್ಕ್ ಒಮ್ಮೆಯೂ ಬಂದಿಲ್ಲ, ಹೆಂಡತಿಯ ಹಾಡೂ ನಿಂತಿಲ್ಲ. ಕಂಪ್ಯೂಟರನ್ನು ಕಣದ ಕಡೆಯ ಕಿಟಕಿಯಿಂದ ಒಳಗಿನ ಗೋಡೆಗೆ ಸರಿಸಿದ್ದೇನೆ. ಒಂದು ಜಾಗದಲ್ಲಿ ಮಾತ್ರ, ನಮ್ಮ ಕೆಂಪು ಬಸ್ಸಿನ ಮಾಡ್ ಹಾಕಿಕೊಂಡು ಹೊರಟರೆ, ಡಿಪೋದಿಂದ ಹೊರಬೀಳುವಾಗ ಒಂದು ಸಣ್ಣ ಜರ್ಕ್ ಇದೆ. ಮಾಡ್ ಇಲ್ಲದೆ ಹೊರಟರೆ ಇಲ್ಲ. ಮಾಡ್ ತೆಗೆಯಲು ನನಗೆ ಮನಸ್ಸಿಲ್ಲ. ಅದನ್ನು ಮಾಡಿದ ಹುಡುಗರು ಚಿತ್ರಗಳ ಗಾತ್ರ ಸ್ವಲ್ಪ ಇಳಿಸಿದರೆ ಹೋಗಬಹುದಂತೆ, ಅವರಿಗೆ ಬರೆದಿದ್ದೇನೆ.

ಹೋಗುವವರು ಸ್ಟೇರಿಂಗ್, ಪೆಡಲ್, ಮೌಸ್, ನೀವು ದಿನಾ ಬಳಸುವುದೆಲ್ಲ ತೆಗೆದುಕೊಂಡು ಹೋಗಿ. ಯಾವಾಗ, ಎಲ್ಲಿ, ಎಷ್ಟು ಹೊತ್ತಿನ ಮೇಲೆ ಬರುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಅವನು ಓದುತ್ತಾನೆ.